ದೋಣಿಮನೆ: ಯಾವ ನೀರಿಗೆ ಯಾವ ಒಡಲು

ದೋಣಿಮನೆ ಅಥವಾ ಹೌಸ್‌ಬೋಟ್ ಎಂದರೆ ವಾಸಕ್ಕೆಂದೇ ಕಟ್ಟಿದ, ಇಲ್ಲವೇ ವಾಸಕ್ಕೆ ತಕ್ಕಂತೆ ಮಾರ್ಪಡಿಸಿದ ದೋಣಿ. ಅಡುಗೆಮನೆ, ಮಲಗುವ ಕೋಣೆ, ಬಚ್ಚಲು, ಕೂರುವ ಜಗಲಿ ಎಲ್ಲವೂ ನೀರಿನ ಮೇಲೇ. ಆದರೆ ಈ ಒಂದು ಹೆಸರಿನಡಿ ಬರುವ ದೋಣಿಗಳು ಒಂದಕ್ಕೊಂದು ಹೆಚ್ಚೇನೂ ಹೋಲುವುದಿಲ್ಲ. ಆಲಪ್ಪುಳದ ಕೆಟ್ಟುವಳ್ಳಂ ಹಗಲೆಲ್ಲ ಹಿನ್ನೀರಿನಲ್ಲಿ ಸುತ್ತಾಡಿ ಸಂಜೆಗೆ ದಡ ಸೇರುತ್ತದೆ. ಶ್ರೀನಗರದ ದಾಲ್ ಸರೋವರದಲ್ಲಿರುವ ದೇವದಾರು ಮರದ ಮನೆ ಕಟ್ಟಿದ ಜಾಗ ಬಿಟ್ಟು ಕದಲುವುದಿಲ್ಲ; ಅದಕ್ಕೆ ಎಂಜಿನ್ನೇ ಇಲ್ಲ. ಇಂಗ್ಲೆಂಡಿನ ನ್ಯಾರೋಬೋಟ್ ಏಳಡಿ ಅಗಲವೂ ಇಲ್ಲದ ಉದ್ದನೆಯ ಉಕ್ಕಿನ ಡಬ್ಬ. ಅಮೆರಿಕದ ಲೇಕ್ ಪೊವೆಲ್ ಜಲಾಶಯದ ಹೌಸ್‌ಬೋಟಾದರೋ ಮಾಳಿಗೆಯಿಂದ ನೀರಿಗೆ ಜಾರುವ ಜಾರುಬಂಡಿಯನ್ನೂ ಹೊತ್ತಿರುತ್ತದೆ.

ಇವುಗಳಲ್ಲಿ ಒಂದನ್ನು ಇನ್ನೊಂದರ ನೀರಿಗೆ ಒಯ್ದರೆ ಕೆಲಸಕ್ಕೆ ಬರುವುದಿಲ್ಲ, ಕೆಲವು ಸಲ ಜೀವಕ್ಕೇ ಸಂಚಕಾರ. ಪ್ರತಿಯೊಂದೂ ತಾನು ಹುಟ್ಟಿದ ನೀರಿನ ಆಳ, ಅಗಲ, ಗಾಳಿ, ಸೆಳವುಗಳನ್ನು ನೋಡಿಕೊಂಡು ಮೈತಳೆದದ್ದು. ಆದ್ದರಿಂದ ದೋಣಿಮನೆಯಲ್ಲಿ ಎಲ್ಲೆಲ್ಲಿ ಸಂಚರಿಸಬಹುದು ಎಂಬ ಪ್ರಶ್ನೆಯನ್ನು ಒಂದೊಂದು ಬಗೆಯ ನೀರನ್ನು ಬೇರೆಬೇರೆಯಾಗಿ ಇಟ್ಟುಕೊಂಡೇ ನೋಡಬೇಕಾಗುತ್ತದೆ.

ಒಡಲಿನ ಬಗೆಗಳು

ದೋಣಿಯನ್ನು ಮನೆಯಾಗಿಸುವ ಗುಣಗಳೇ ಅದನ್ನು ಕಡಲಿನಿಂದ ದೂರ ಇಡುತ್ತವೆ. ಮನೆಗೆ ಸಮತಟ್ಟಾದ ನೆಲ ಬೇಕು, ಆಳೆತ್ತರ ಮೀರಿದ ಗೋಡೆ ಬೇಕು, ನೋಟ ಕಾಣಲು ದೊಡ್ಡ ಕಿಟಕಿ ಬೇಕು, ಹತ್ತಿ ಇಳಿಯಲು ನೀರಿಗೆ ಹತ್ತಿರವಾದ ಜಗಲಿ ಬೇಕು. ಕಡಲಿನ ದೋಣಿಗೆ ಬೇಕಾದ್ದು ಇದರ ತದ್ವಿರುದ್ಧ: ಅಲೆಯನ್ನು ಸೀಳುವ ಚೂಪು ಮೂತಿ, ತೂಕವೆಲ್ಲ ಕೆಳಗೆ ಕೂರುವಂಥ ಆಳವಾದ ತಳ, ನೀರು ಒಳನುಗ್ಗದಂತೆ ಎತ್ತರಿಸಿದ ಅಂಚು, ಗಟ್ಟಿ ಗಾಜಿನ ಸಣ್ಣ ಕಿಟಕಿ.

ಒಡಲಿನ ರಚನೆಯ ಮೇಲೆ ದೋಣಿಮನೆಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಚಪ್ಪಟೆ ತಳದ ದೋಣಿ. ಕೆಟ್ಟುವಳ್ಳಂ, ನ್ಯಾರೋಬೋಟ್ ಎರಡೂ ಈ ಜಾತಿಗೆ ಸೇರಿದವು. ಮೊಣಕಾಲಿನಿಂದ ಸೊಂಟದವರೆಗಿನ ನೀರು ಸಿಕ್ಕರೆ ಸಾಕು, ಇವು ತೇಲುತ್ತವೆ. ಎರಡನೆಯದು ಪಾಂಟೂನ್: ಅಕ್ಕಪಕ್ಕದಲ್ಲಿ ಎರಡೋ ಮೂರೋ ಅಲ್ಯೂಮಿನಿಯಂ ಕೊಳವೆಗಳನ್ನಿಟ್ಟು ಅವುಗಳ ಮೇಲೆ ಅಟ್ಟ ಹಾಕಿ ಮನೆ ಕಟ್ಟುವುದು. ಅಗಲವಿರುವುದರಿಂದ ಓಲಾಟ ಕಡಿಮೆ. ಆದರೆ ದೊಡ್ಡ ಅಲೆ ಬಂದರೆ ಕೊಳವೆಗಳ ನಡುವೆ ನುಗ್ಗಿ ಅಟ್ಟದ ತಳಕ್ಕೆ ಅಪ್ಪಳಿಸುತ್ತದೆ. ಮೂರನೆಯದು ಫೈಬರ್‌ಗ್ಲಾಸ್‌ನಲ್ಲಿ ಎರಕ ಹೊಯ್ದ, ಮುಂಭಾಗ ಒಂದಿಷ್ಟು ಚೂಪಾಗಿರುವ ಒಡಲು. ಮೂರರಲ್ಲಿ ಕೊಂಚ ಒರಟು ನೀರನ್ನು ತಾಳಿಕೊಳ್ಳುವುದು ಇದೊಂದೇ. ದೊಡ್ಡ ನದಿಗಳಲ್ಲಿ ಮತ್ತು ಕರಾವಳಿಯ ಒಳಹಾದಿಗಳಲ್ಲಿ ದೂರಪ್ರಯಾಣ ಮಾಡುವವರು ಇದನ್ನು ಆರಿಸಿಕೊಳ್ಳುತ್ತಾರೆ.

ಇವಲ್ಲದೆ ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳಲ್ಲಿ ಕಾಂಕ್ರೀಟಿನ ತೊಟ್ಟಿಯ ಮೇಲೆ ಕಟ್ಟಿದ ಮನೆಗಳಿವೆ. ಅವು ತೇಲುತ್ತವೆ, ತಾವಾಗಿ ಸಾಗುವುದಿಲ್ಲ.

ಗಾಳಿ ಮತ್ತು ಅಲೆ

ದೋಣಿಮನೆಗೆ ಅಲೆಗಿಂತ ಮೊದಲು ಎದುರಾಗುವ ಹಗೆ ಗಾಳಿ. ಅರವತ್ತು ಅಡಿ ಉದ್ದ, ನೀರಿನಿಂದ ಹತ್ತಡಿ ಎತ್ತರದ ಒಂದು ಸಾಧಾರಣ ದೋಣಿಮನೆಯ ಪಕ್ಕದ ಗೋಡೆಗೆ ಗಂಟೆಗೆ 37 ಕಿ.ಮೀ. ವೇಗದ ಗಾಳಿ ನೇರವಾಗಿ ಬಡಿದರೆ ಅದು ಸುಮಾರು 350 ಕಿಲೋ ಭಾರದಷ್ಟು ಬಲದಿಂದ ದೋಣಿಯನ್ನು ತಳ್ಳುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ. ನೀರೊಳಗೆ ಹಿಡಿತ ಕೊಡುವ ಆಳದ ತಳವಿಲ್ಲದ್ದರಿಂದ ದೋಣಿ ಮುಂದೆ ಹೋಗುವ ಬದಲು ಎಲೆಯ ಹಾಗೆ ಪಕ್ಕಕ್ಕೆ ಜಾರುತ್ತದೆ. ಚುಕ್ಕಾಣಿ ಹಿಡಿದವನು ಎಷ್ಟು ತಿರುಗಿಸಿದರೂ ಮಾತು ಕೇಳುವುದಿಲ್ಲ.

ಅಲೆಯ ಎತ್ತರವನ್ನು ನಿರ್ಧರಿಸುವ ಸಂಗತಿಗಳು ಮೂರು: ಗಾಳಿಯ ಬಿರುಸು, ಅದು ಬೀಸಿದ ಹೊತ್ತು, ಮತ್ತು ತಡೆಯಿಲ್ಲದೆ ಅದಕ್ಕೆ ಸಿಕ್ಕಿದ ನೀರಿನ ಬಯಲಿನ ಉದ್ದ. ಇಪ್ಪತ್ತಡಿ ಅಗಲದ ಕಾಲುವೆಯಲ್ಲಿ ಬಿರುಗಾಳಿ ಬೀಸಿದರೂ ಅಲೆ ಏಳಲು ಜಾಗವಿಲ್ಲ. ಮೂವತ್ತು ಕಿ.ಮೀ. ಉದ್ದದ ಸರೋವರದಲ್ಲಿ ಅದೇ ಗಾಳಿ ಎದೆಯೆತ್ತರದ ತೆರೆ ಎಬ್ಬಿಸಬಲ್ಲದು. ಸರೋವರ ಆಳವಿಲ್ಲದಿದ್ದರೆ ತೆರೆಗಳು ಇನ್ನೂ ಕಡಿದಾಗಿ, ಒಂದರ ಬೆನ್ನಿಗೊಂದು ಬರುತ್ತವೆ. ಕಡಲಿನ ಉದ್ದ ಅಲೆಯಲ್ಲಿ ದೋಣಿ ಏರಿ ಇಳಿಯುತ್ತದೆ. ಇಂಥ ಗಿಡ್ಡ ಅಲೆಯಲ್ಲಿ ಒಂದನ್ನು ಏರುವಷ್ಟರಲ್ಲಿ ಮುಂದಿನದು ಜಗಲಿಯ ಮೇಲೆ ಬಿದ್ದಿರುತ್ತದೆ.

ಐರೋಪ್ಯ ಒಕ್ಕೂಟದ 2013ರ ವಿಹಾರದೋಣಿ ನಿರ್ದೇಶನವು ದೋಣಿಗಳನ್ನು ಅವು ತಾಳಬಲ್ಲ ಗಾಳಿ ಮತ್ತು ಅಲೆಗಳ ಮೇಲೆ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿದೆ. ಎ ವರ್ಗಕ್ಕೆ ಬೊಫರ್ಟ್ ಮಾಪಕದಲ್ಲಿ 8ನ್ನು ಮೀರಿದ ಗಾಳಿ, 4 ಮೀಟರ್ ಮೀರಿದ ಅಲೆ. ಬಿ ವರ್ಗಕ್ಕೆ 8ರವರೆಗಿನ ಗಾಳಿ, 4 ಮೀಟರ್‌ವರೆಗಿನ ಅಲೆ. ಸಿ ವರ್ಗಕ್ಕೆ 6ರವರೆಗಿನ ಗಾಳಿ, 2 ಮೀಟರ್ ಅಲೆ. ಡಿ ವರ್ಗಕ್ಕೆ 4ರವರೆಗಿನ ಗಾಳಿ, 0.3 ಮೀಟರ್ ಅಲೆ. ಆಗೀಗ ಅರ್ಧ ಮೀಟರ್ ಬಂದರೆ ಅಡ್ಡಿಯಿಲ್ಲ. ದೋಣಿಮನೆಗಳ ಪೈಕಿ ಹೆಚ್ಚಿನವು ಸಿ ಅಥವಾ ಡಿ ವರ್ಗದಲ್ಲಿ ಬರುತ್ತವೆ. ಭಾರತದಲ್ಲಿ 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯೂ ಅಲೆಯ ಎತ್ತರವನ್ನು ಆಧರಿಸಿ ಒಳನಾಡಿನ ನೀರನ್ನು ವಲಯಗಳಾಗಿ ವಿಂಗಡಿಸುತ್ತದೆ.

ಹಿನ್ನೀರು

ದೋಣಿಮನೆಗೆ ಹೇಳಿ ಮಾಡಿಸಿದ ನೀರು ಎಂದರೆ ಹಿನ್ನೀರು. ಆಳ ಕಡಿಮೆ, ಹರಿವು ನಿಧಾನ, ಎರಡೂ ದಡದಲ್ಲಿ ಗಾಳಿ ತಡೆಯುವ ತೆಂಗಿನ ಸಾಲು. ಕೇರಳದ ಕುಟ್ಟನಾಡು ಇದಕ್ಕೆ ಒಳ್ಳೆಯ ಉದಾಹರಣೆ. ಇಲ್ಲಿನ ಗದ್ದೆಗಳಲ್ಲಿ ಹಲವು ಸಮುದ್ರಮಟ್ಟಕ್ಕಿಂತ ಕೆಳಗಿವೆ, ಕಾಲುವೆಗಳು ಗದ್ದೆಗಿಂತ ಎತ್ತರದಲ್ಲಿ ಹರಿಯುತ್ತವೆ. ರಸ್ತೆಗಳು ಬರುವ ಮೊದಲು ಭತ್ತ, ತೆಂಗು, ಸಾಂಬಾರ ಪದಾರ್ಥ ಎಲ್ಲ ಸಾಗುತ್ತಿದ್ದದ್ದು ಕೆಟ್ಟುವಳ್ಳಂಗಳಲ್ಲಿ. ಮಲಯಾಳದಲ್ಲಿ ಹೆಸರಿನ ಅರ್ಥವೇ ಕಟ್ಟಿದ ದೋಣಿ ಎಂದು. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದು, ಗೇರುಬೀಜದಿಂದ ತೆಗೆದ ಕಪ್ಪು ಅಂಟನ್ನು ಮೈಗೆಲ್ಲ ಬಳಿಯುತ್ತಿದ್ದರು. ತಳ ಎಲ್ಲಿಯಾದರೂ ನೆಲಕ್ಕೆ ತಾಗಿದರೆ ಹುರಿಯ ಹೊಲಿಗೆ ಒಂದಿಷ್ಟು ಬಾಗಿಕೊಡುತ್ತದೆ, ಸೀಳುವುದಿಲ್ಲ. ಲಾರಿಗಳು ಸರಕನ್ನು ಕಿತ್ತುಕೊಂಡ ಮೇಲೆ, 1990ರ ದಶಕದಿಂದೀಚೆಗೆ, ಅದೇ ಒಡಲಿನ ಮೇಲೆ ಬಿದಿರಿನ ಕಮಾನು, ಚಾಪೆಯ ಗೋಡೆ ಎದ್ದು ಪ್ರವಾಸಿಗರ ದೋಣಿಮನೆಯಾಯಿತು. ಜಲ್ಲೆ ಊರಿ ತಳ್ಳುತ್ತಿದ್ದ ಕಡೆ ಡೀಸೆಲ್ ಎಂಜಿನ್ ಬಂತು.

ಸಂಜೆ ಐದೂವರೆಯ ಹೊತ್ತಿಗೆ ಇಲ್ಲಿನ ದೋಣಿಮನೆಗಳು ಓಡಾಟ ನಿಲ್ಲಿಸಿ ದಡ ಹಿಡಿಯುತ್ತವೆ. ಆ ಹೊತ್ತಿನ ಕೆಲಸವನ್ನು ನೋಡಿದರೆ ಈ ದೋಣಿಗೂ ಈ ನೀರಿಗೂ ಇರುವ ಹೊಂದಾಣಿಕೆ ತಿಳಿಯುತ್ತದೆ. ಚಕ್ರ ಹಿಡಿದ ಸ್ರಾಂಕ್ ನೂರು ಮಾರು ಮೊದಲೇ ಎಂಜಿನ್ನಿನ ದನಿ ತಗ್ಗಿಸುತ್ತಾನೆ. ಲಾಸ್ಕರ್, ಅಂದರೆ ದೋಣಿಯ ಕೈಯಾಳು, ಮೂತಿಯ ಮೇಲೆ ನಿಂತು ಉದ್ದನೆಯ ಜಲ್ಲೆಯನ್ನು ಕೆಸರಿಗೆ ಊರಿ, ಅದರ ಮೇಲೆ ಮೈಭಾರ ಬಿಟ್ಟು, ದೋಣಿಯ ಮುಖವನ್ನು ದಡದ ಕಡೆಗೆ ಹೊರಳಿಸುತ್ತಾನೆ. ಒಬ್ಬ ಕಲ್ಲುಕಟ್ಟೆಗೆ ಹಾರಿ ಮುಂದಿನ ಹಗ್ಗವನ್ನು ಒಂದು ತೆಂಗಿನ ಬುಡಕ್ಕೆ, ಹಿಂದಿನದನ್ನು ಇನ್ನೊಂದಕ್ಕೆ ಸುತ್ತುತ್ತಾನೆ. ಲಂಗರಿನ ಮಾತೇ ಇಲ್ಲ. ಕಟ್ಟಿದ ಹಗ್ಗ ಸಡಿಲಾಗಿಯೇ ತೂಗುತ್ತಿರುತ್ತದೆ, ಎಳೆದಾಡುವ ಸೆಳವು ಇಲ್ಲಿಲ್ಲ. ಅಷ್ಟರಲ್ಲಿ ದೂರದಲ್ಲಿ ಮೀನುಗಾರರು ಸಣ್ಣ ದೋಣಿಗಳಲ್ಲಿ ಬಲೆ ಬಿಡಲು ಹೊರಟಿರುತ್ತಾರೆ. ದೋಣಿಮನೆಗಳು ರಾತ್ರಿ ಓಡಾಡಿದರೆ ಆ ಬಲೆಗಳು ಎಂಜಿನ್ನಿನ ರೆಕ್ಕೆಗೆ ಸಿಕ್ಕಿ ಹರಿಯುತ್ತವೆ. ಸಂಜೆಯ ಗಡುವಿಗೆ ಇದೂ ಒಂದು ಕಾರಣ.

ಆದರೆ ಅದೇ ಕುಟ್ಟನಾಡಿನ ಕಾಲುವೆ ವೇಂಬನಾಡ್ ಸರೋವರಕ್ಕೆ ತೆರೆದುಕೊಂಡಾಗ ಲೆಕ್ಕ ಬದಲಾಗುತ್ತದೆ. ಭಾರತದ ಅತಿ ಉದ್ದದ ಸರೋವರವಿದು. ಮಧ್ಯಾಹ್ನದ ಮೇಲೆ ಕಡಲ ಗಾಳಿ ಬೀಸಿದರೆ ಬಯಲಿನಲ್ಲಿ ಗಿಡ್ಡ ಅಲೆಗಳು ಏಳುತ್ತವೆ, ನಡುವೆ ಅಲ್ಲಲ್ಲಿ ಮರಳುದಿಬ್ಬಗಳಿವೆ. 2002ರ ಜುಲೈ 27ರಂದು ಮುಹಮ್ಮದಿಂದ ಕುಮರಕಂಗೆ ಹೊರಟಿದ್ದ, ಮಿತಿಮೀರಿ ಜನ ತುಂಬಿದ್ದ ಸಾರಿಗೆ ದೋಣಿಯೊಂದು ಇದೇ ನೀರಿನಲ್ಲಿ ಮಗುಚಿ 29 ಮಂದಿ ಸತ್ತರು. ದೋಣಿಮನೆಗಳು ಇಲ್ಲಿ ದಡದ ಅಂಚು ಹಿಡಿದು ಹೋಗುತ್ತವೆ. ಎರಡಂತಸ್ತಿನವಕ್ಕೆ ಇನ್ನೊಂದು ತೊಡಕು: ಕಾಲುವೆಗಳ ಮೇಲಿನ ತಗ್ಗಾದ ಕಾಲುಸೇತುವೆಗಳ ಅಡಿ ಅವು ನುಸುಳಲಾರವು. ಊರೊಳಗಿನ ಸಣ್ಣ ತೋಡುಗಳನ್ನು ನೋಡಬೇಕೆಂದರೆ ಪ್ರವಾಸಿ ದೋಣಿಮನೆ ಇಳಿದು ಚಿಕ್ಕ ದೋಣಿ ಹತ್ತಬೇಕು. ಮಳೆಗಾಲ ಕಳೆದ ಮೇಲೆ ನೀರನ್ನು ಮುಚ್ಚುವ ಅಂತರಗಂಗೆ ಕಳೆ ಎಲ್ಲರಿಗೂ ಸಮಾನವಾದ ಕಾಟ.

ಬಾಂಗ್ಲಾದೇಶದ ಸುನಾಮಗಂಜ್ ಜಿಲ್ಲೆಯ ಟಾಂಗುವಾರ್ ಹಾವೊರ್‌ನಲ್ಲಿ ಪಂಚಾಂಗ ತಿರುಗಾಮುರುಗಾ. ಅಲ್ಲಿ ದೋಣಿಮನೆಗಳು ಓಡುವುದೇ ಮಳೆಗಾಲದಲ್ಲಿ. ಮೇಘಾಲಯದ ಬೆಟ್ಟಗಳಿಂದ ಇಳಿದ ನೀರು ತಗ್ಗುನೆಲವನ್ನೆಲ್ಲ ತುಂಬಿ ಒಂದು ಕಡಲಾಗಿಸುತ್ತದೆ. ಚಳಿಗಾಲಕ್ಕೆ ಅದೇ ಜಾಗದ ಬಹುಭಾಗ ಹುಲ್ಲುಗಾವಲು, ಭತ್ತದ ಗದ್ದೆ.

ಕಾಲುವೆ

ಮನುಷ್ಯ ತೋಡಿದ ಕಾಲುವೆಯಲ್ಲಿ ಅಲೆಯಿಲ್ಲ, ಸೆಳವಿಲ್ಲ. ಅಲ್ಲಿ ದೋಣಿಯನ್ನು ಅಳೆದು ಕತ್ತರಿಸುವುದು ಲಾಕ್‌ಗಳ ಅಳತೆ. ಎತ್ತರದ ನೀರಿನಿಂದ ತಗ್ಗಿನ ನೀರಿಗೆ ದೋಣಿಯನ್ನು ಇಳಿಸಲು ಎರಡು ಬಾಗಿಲ ನಡುವೆ ಕಟ್ಟಿದ ಕಲ್ಲಿನ ತೊಟ್ಟಿಗೆ ಲಾಕ್ ಎನ್ನುತ್ತಾರೆ. 18ನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಮಧ್ಯ ಇಂಗ್ಲೆಂಡಿನಲ್ಲಿ ಕಟ್ಟಿಸಿದ ಲಾಕ್‌ಗಳ ಅಗಲ ಸುಮಾರು ಏಳಡಿ. ಅಲ್ಲಿಂದ ಮುಂದೆ ಆ ಕಾಲುವೆಗಳಲ್ಲಿ ಓಡುವ ದೋಣಿಯ ಅಗಲ 6 ಅಡಿ 10 ಅಂಗುಲಕ್ಕೆ ನಿಂತಿತು. ಉದ್ದ ಹೆಚ್ಚೆಂದರೆ 72 ಅಡಿ. ದೇಶದ ಕಾಲುವೆಜಾಲವನ್ನು ಹೆಚ್ಚುಕಡಿಮೆ ಪೂರ್ತಿ ಸುತ್ತಬೇಕೆನ್ನುವವರು 57 ಅಡಿಗೆ ನಿಲ್ಲಿಸುತ್ತಾರೆ, ಕೆಲವು ಲಾಕ್‌ಗಳು ಅದಕ್ಕಿಂತ ಉದ್ದದ ದೋಣಿಯನ್ನು ಒಳಗೊಳ್ಳುವುದಿಲ್ಲ. ವೇಗದ ಮಿತಿ ಗಂಟೆಗೆ 4 ಮೈಲಿ, ಬಿರುಸಾಗಿ ನಡೆಯುವವನ ನಡಿಗೆಯಷ್ಟು. ಎಲ್.ಟಿ.ಸಿ. ರೋಲ್ಟ್ ತಮ್ಮ ‘ಕ್ರೆಸಿ’ ದೋಣಿಯ ವಾಸವನ್ನು ಕುರಿತು 1944ರಲ್ಲಿ ಪ್ರಕಟಿಸಿದ ‘ನ್ಯಾರೋ ಬೋಟ್’ ಪುಸ್ತಕ, ಪಾಳುಬೀಳುತ್ತಿದ್ದ ಕಾಲುವೆಗಳ ಕಡೆಗೆ ಜನರ ಕಣ್ಣು ತಿರುಗಿಸಿತು.

ನಿಂತ ನೀರೆಂದು ಇಲ್ಲಿ ಮೈಮರೆಯುವಂತಿಲ್ಲ. ಲಾಕ್‌ನ ಮೇಲಿನ ಬಾಗಿಲ ಬುಡದಲ್ಲಿ ನೀರೊಳಗೆ ಒಂದು ಕಲ್ಲಿನ ಹೊಸ್ತಿಲು ಚಾಚಿಕೊಂಡಿರುತ್ತದೆ. ತೊಟ್ಟಿಯ ನೀರು ಇಳಿಯುವಾಗ ದೋಣಿಯ ಹಿಂಭಾಗ ಆ ಹೊಸ್ತಿಲ ಮೇಲೆ ಕುಳಿತುಬಿಟ್ಟರೆ, ಹಿಂದು ಅಲ್ಲೇ ನಿಂತು ಮುಂದು ಮಾತ್ರ ಕೆಳಗಿಳಿಯುತ್ತ ಹೋಗುತ್ತದೆ. ನಿಮಿಷಗಳಲ್ಲಿ ಮೂತಿಯಿಂದ ನೀರು ನುಗ್ಗಿ ದೋಣಿ ಮುಳುಗುತ್ತದೆ. ಅದಕ್ಕೇ ತೊಟ್ಟಿಯ ಗೋಡೆಗೆ ಬಿಳಿ ಗೆರೆ ಬಳಿದು, ಅದರಿಂದ ಮುಂದಕ್ಕೆ ನಿಲ್ಲಿಸಿ ಎಂದು ಎಚ್ಚರಿಸಿರುತ್ತಾರೆ.

ಫ್ರಾನ್ಸಿನ ಕೆನಾಲ್ ದ್ಯು ಮಿದಿ ಇನ್ನೊಂದು ಮಾದರಿ. ಪಿಯೆರ್ ಪಾಲ್ ರಿಕೆ 1666ರಲ್ಲಿ ಆರಂಭಿಸಿದ, 1681ರಲ್ಲಿ ತೆರೆದ ಈ 240 ಕಿ.ಮೀ. ಕಾಲುವೆಯ ಲಾಕ್‌ಗಳು ಮೊಟ್ಟೆಯಾಕಾರದವು, ಅಗಲವಾದವು. ಹಾಗಾಗಿ ಮೈದುಂಬಿದ ದೋಣಿಮನೆಗಳೂ ಓಡಾಡುತ್ತವೆ. ಚಾಲನಾ ಪರವಾನಗಿ ಇಲ್ಲದವರಿಗೂ ದೋಣಿ ಬಾಡಿಗೆಗೆ ಸಿಗುತ್ತದೆ. ಕಾಲುವೆಯ ಕೊನೆಗೆ ತೋ ಎಂಬ ಉಪ್ಪುನೀರಿನ ಸರೋವರ ಸಿಗುತ್ತದೆ. ಅಷ್ಟೂ ದಿನ ಮರದ ನೆರಳಲ್ಲಿ ಸಾಗಿಬಂದ ಬಾಡಿಗೆ ದೋಣಿ ಅಲ್ಲಿ ಗಾಳಿ ಇಳಿಯುವವರೆಗೆ ಕಾಯಬೇಕು.

ನದಿ

ನದಿಯಲ್ಲಿ ದೋಣಿಮನೆಯ ಅನುಕೂಲ ಹರಿವಿನ ವೇಗದ ಮೇಲೆ ನಿಂತಿದೆ. ಗಂಟೆಗೆ ಆರೇಳು ಕಿ.ಮೀ. ಸಾಗುವ ಶಕ್ತಿಯ ಎಂಜಿನ್ ಹೊತ್ತ ದೋಣಿ, ಐದು ಕಿ.ಮೀ. ವೇಗದ ಪ್ರವಾಹದ ಎದುರು ಹೆಚ್ಚುಕಡಿಮೆ ನಿಂತಲ್ಲೇ ನಿಂತಿರುತ್ತದೆ. ಪ್ರವಾಹದ ಜೊತೆಗೆ ಹೊರಟರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಸೇತುವೆಯ ಕಂಬವೋ ಅಣೆಕಟ್ಟಿನ ಬಾಯಿಯೋ ಎದುರಾದಾಗ ನಿಲ್ಲಿಸಲು ಆಗುವುದಿಲ್ಲ. ಕಾಲುವೆಯಲ್ಲಿ ಲಂಗರು ಕಂಡೇ ಇರದ ನ್ಯಾರೋಬೋಟ್ ನದಿಗೆ ಇಳಿಯುವಾಗ ಲಂಗರು, ಉದ್ದನೆಯ ಸರಪಳಿ ಇಟ್ಟುಕೊಳ್ಳಬೇಕಾಗುವುದು ಇದಕ್ಕೇ. ಥೇಮ್ಸ್ ನದಿಯ ಲಾಕ್‌ಗಳಲ್ಲಿ ನೀರು ಏರುವಾಗ ಮತ್ತು ಇಳಿಯುವಾಗ ಹಳದಿ ಫಲಕ, ಸೆಳವು ಜೋರಾದಾಗ ಕೆಂಪು ಫಲಕ ತೂಗುಹಾಕುತ್ತಾರೆ. ಕೆಂಪು ಕಂಡರೆ ದೋಣಿ ಕಟ್ಟಿ ಕಾಯುವುದೇ ವಾಡಿಕೆ.

ಎಂಜಿನ್ ಇಲ್ಲದೆಯೂ ನದಿಯಲ್ಲಿ ಬಾಳಬಹುದೆಂದು ತೋರಿಸಿದ್ದು ಅಮೆರಿಕದ ಶಾಂಟಿಬೋಟ್‌ಗಳು. ತೆಪ್ಪದಂಥ ತಳದ ಮೇಲೆ ಹಲಗೆಯ ಗುಡಿಸಲು, ಅಷ್ಟೆ. ಚಿತ್ರಕಾರ ಹಾರ್ಲನ್ ಹಬರ್ಡ್ ಮತ್ತು ಪತ್ನಿ ಆನಾ 1944ರಲ್ಲಿ ಓಹಾಯೋ ನದಿಯ ದಂಡೆಯಲ್ಲಿ ಇಂಥದೊಂದನ್ನು ತಮ್ಮ ಕೈಯಾರೆ ಕಟ್ಟಿಕೊಂಡು, ಹರಿವು ಕರೆದೊಯ್ದ ಕಡೆಗೆ ಮಿಸಿಸಿಪ್ಪಿ ಸೇರಿ ಲೂಸಿಯಾನದವರೆಗೆ ಹೋದರು. ಹಲವು ವರ್ಷಗಳ ಪಯಣವದು. ಬೇಸಿಗೆಯಲ್ಲಿ ಎಲ್ಲಿಯಾದರೂ ಕಟ್ಟಿ ನಿಂತು ದಂಡೆಯಲ್ಲಿ ತರಕಾರಿ ಬೆಳೆದುಕೊಳ್ಳುತ್ತಿದ್ದರು. ಇದು ಒಂದು ದಿಕ್ಕಿನ ಪಯಣ, ಅದೇ ದೋಣಿ ಹೊಳೆಯನ್ನೇರಿ ಹಿಂದಿರುಗಲಾರದು.

ಆಸ್ಟ್ರೇಲಿಯದ ಮರ್ರೆ ನದಿ ಬಾಡಿಗೆ ದೋಣಿಮನೆಗಳಿಗೆ ಹೆಸರಾದದ್ದು. ಇಳಿಜಾರು ತೀರ ಕಡಿಮೆ, ಕಿರುಅಣೆಗಳು ನೀರಿನ ಮಟ್ಟವನ್ನು ಹಿಡಿದಿಡುತ್ತವೆ. ಕಣ್ಣಿಗೆ ಕಾಣದ ಮರಳುದಿಬ್ಬ, ಮುಳುಗಿದ ಮರದ ಬೊಡ್ಡೆಗಳ ಬಗ್ಗೆ ಎಚ್ಚರವಿದ್ದರೆ ಸಾಕು. ಆದರೆ 2022ರ ಕೊನೆಗೆ ದಕ್ಷಿಣ ಆಸ್ಟ್ರೇಲಿಯದಲ್ಲಿ 1956ರ ನಂತರದ ಅತಿ ದೊಡ್ಡ ನೆರೆ ಬಂದಾಗ ವಿಹಾರಸಂಚಾರವನ್ನು ಪೂರ್ತಿ ನಿಲ್ಲಿಸಬೇಕಾಯಿತು. ನದಿಯ ಸೌಮ್ಯತೆ ಮಳೆಯ ಹಂಗಿನದು.

ಸರೋವರ ಮತ್ತು ಜಲಾಶಯ

ನೋಟಕ್ಕೆ ಕನ್ನಡಿಯಂತಿರುವ ಸರೋವರ ನದಿಗಿಂತ ಹೆಚ್ಚು ಮೋಸ ಮಾಡುತ್ತದೆ. ಕಾಶ್ಮೀರದ ದೋಣಿಗಾರ ಸಮುದಾಯವಾದ ಹಾಂಜಿಗಳಿಗೆ ಇದು ತಲೆತಲಾಂತರದ ತಿಳಿವಳಿಕೆ. ಅವರ ವಾಸದ ದೋಣಿಯಾದ ಡೂಂಗಾ ಹಿಂದೆ ಝೇಲಂ ನದಿಯಲ್ಲಿ ಜಲ್ಲೆ ಮತ್ತು ಹಗ್ಗದ ಬಲದಿಂದ ಊರೂರು ತಿರುಗುತ್ತಿತ್ತು. ದಾರಿಯಲ್ಲಿ ವುಲರ್ ಸರೋವರ ಸಿಕ್ಕರೆ ಬೆಳಗಿನ ಹೊತ್ತೇ ದಾಟಿಬಿಡುತ್ತಿದ್ದರು. ಮಧ್ಯಾಹ್ನದ ಮೇಲೆ ಬೆಟ್ಟದಿಂದ ಧುಮುಕುವ ಬಿರುಗಾಳಿ ಅಲ್ಲಿ ದೊಡ್ಡ ತೆರೆಗಳನ್ನೆಬ್ಬಿಸುತ್ತದೆ. 15ನೆಯ ಶತಮಾನದಲ್ಲಿ ಸುಲ್ತಾನ ಜೈನುಲ್ ಆಬಿದೀನ್ ವುಲರ್ ನಡುವೆ ಕಟ್ಟಿಸಿದ ಜೈನ ಲಂಕ್ ಎಂಬ ಕೃತಕ ದ್ವೀಪ ಬಿರುಗಾಳಿಗೆ ಸಿಕ್ಕ ದೋಣಿಗಾರರ ಆಸರೆಯಾಗಿತ್ತು. ಇಂದಿನ ಅಲಂಕೃತ ದೋಣಿಮನೆ ಡೂಂಗಾದಿಂದಲೇ ಬೆಳೆದದ್ದು. ಕೆತ್ತನೆ, ಪೀಠೋಪಕರಣ, ಜಮಖಾನೆಗಳ ಭಾರ ಹೆಚ್ಚಿದಂತೆ ಚಲನೆ ಕಡಿಮೆಯಾಗಿ, ಕೊನೆಗೆ ದಾಲ್, ನಗೀನ್ ಸರೋವರಗಳ ಅಂಚಿನಲ್ಲಿ ಬೀಡುಬಿಟ್ಟಿತು. ಅತಿಥಿಗಳನ್ನು ಕರೆತರುವ, ತರಕಾರಿ ಮಾರುವ ಕೆಲಸವೆಲ್ಲ ಶಿಕಾರ ದೋಣಿಯದು.

ಲೇಕ್ ಪೊವೆಲ್ ಇದಕ್ಕೆ ಪೂರ್ತಿ ಬೇರೆ. ಕೊಲೊರಾಡೊ ನದಿಗೆ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ಕಟ್ಟಿ 1963ರಲ್ಲಿ ನೀರು ನಿಲ್ಲಿಸತೊಡಗಿದರು. ಕೆಂಪು ಬಂಡೆಗಳ ಹತ್ತಾರು ಕಮರಿಗಳಿಗೆ ನೀರು ನುಗ್ಗಿ ಸಾವಿರಾರು ಕಿ.ಮೀ. ದಡರೇಖೆ ಉಂಟಾಯಿತು. ಇಲ್ಲಿನ ದೋಣಿಮನೆ ರಾತ್ರಿ ತಂಗುವ ರೀತಿ ಕೇರಳದ ಹಾಗಲ್ಲ. ಮರಳಿನ ದಡ ನೋಡಿ ಮೂತಿಯನ್ನು ನೇರವಾಗಿ ಏರಿಸುತ್ತಾರೆ. ಎಂಜಿನ್ ಮುಂದಕ್ಕೆ ಒತ್ತುತ್ತಲೇ ಇರುವಾಗ ಇಬ್ಬರು ಸಲಿಕೆ ಹಿಡಿದು ಇಳಿದು, ದೋಣಿಯ ಎರಡೂ ಕಡೆ ಓರೆಯಾಗಿ ದೂರ ನಡೆದು ಮೊಣಕಾಲುದ್ದದ ಗುಂಡಿ ತೋಡುತ್ತಾರೆ. ಲಂಗರನ್ನು ಅದರಲ್ಲಿ ಹೂತು, ಮರಳು ಮುಚ್ಚಿ, ತುಳಿದು, ಹಿಂಭಾಗದ ಮೂಲೆಗಳಿಂದ ಬಂದ ಹಗ್ಗವನ್ನು ಬಿಗಿಯುತ್ತಾರೆ. ಮಧ್ಯಾಹ್ನ ಕಮರಿಯಿಂದ ನುಗ್ಗುವ ಗಾಳಿಗೆ ಲಂಗರು ಕಿತ್ತುಬಂದರೆ ಹಿಂಭಾಗ ಗರಗರನೆ ತಿರುಗಿ ಬಂಡೆಗೆ ಬಡಿಯುತ್ತದೆ. ಕಿರಿದಾದ ಕಮರಿಗಳೊಳಗೆ ಹೋಗಲು ದೋಣಿಮನೆಯ ಹಿಂದೆ ಒಂದು ಸಣ್ಣ ಯಂತ್ರದೋಣಿಯನ್ನು ಕಟ್ಟಿಕೊಂಡೇ ಬಂದಿರುತ್ತಾರೆ.

ಜಲಾಶಯದ ಇನ್ನೊಂದು ಸಮಸ್ಯೆ ಮಟ್ಟದ ಏರಿಳಿತ. ಪೊವೆಲ್ ಪೂರ್ತಿ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 3,700 ಅಡಿ. 2023ರ ವಸಂತದಲ್ಲಿ ಅದು ಸುಮಾರು 180 ಅಡಿ ಕೆಳಗಿಳಿದಿತ್ತು. ಅದಕ್ಕೂ ಮೊದಲು, 2021ರ ಬೇಸಿಗೆಯಲ್ಲಿ, ನೀರು ದೋಣಿ ಇಳಿಸುವ ಇಳಿಜಾರಿನ ತುದಿ ಬಿಟ್ಟು ಕೆಳಗೆ ಹೋದ್ದರಿಂದ ಅಲ್ಲಿನ ವಾವೀಪ್ ದೋಣಿನಿಲ್ದಾಣದಲ್ಲಿ ದೋಣಿಮನೆಗಳನ್ನು ನೀರಿಗಿಳಿಸುವುದನ್ನೇ ನಿಲ್ಲಿಸಿದ್ದರು. ಶರಾವತಿ ಹಿನ್ನೀರಿನ ಜನಕ್ಕೆ ಈ ಕಥೆ ಹೊಸದಲ್ಲ. ಅಲ್ಲಿನ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ಬೇಸಿಗೆಯ ಕೊನೆಗೆ ನೀರು ಹಿಂದೆ ಸರಿದಾಗ ಸಿಗಂದೂರು ಲಾಂಚಿಗೆ ವಾಹನ ಹತ್ತಿಸುವುದು ನಿಲ್ಲುತ್ತಿತ್ತು, ಮುಳುಗಡೆಯಾದ ಕಾಡಿನ ಬೊಡ್ಡೆಗಳು ತಲೆಯೆತ್ತುತ್ತಿದ್ದವು. 2025ರಲ್ಲಿ ಸೇತುವೆ ತೆರೆಯುವವರೆಗೂ ಲಾಂಚಿನ ಪಾಡು ಹೀಗೇ ಇತ್ತು.

ಸ್ಕಾಟ್ಲೆಂಡಿನ ಕ್ಯಾಲೆಡೋನಿಯನ್ ಕಾಲುವೆ ಹೆಸರಿಗಷ್ಟೇ ಕಾಲುವೆ. ಥಾಮಸ್ ಟೆಲ್‌ಫರ್ಡ್ ರೂಪಿಸಿದ, 1822ರಲ್ಲಿ ತೆರೆದ ಇದರ 97 ಕಿ.ಮೀ.ಯಲ್ಲಿ ತೋಡಿದ್ದು ಮೂರನೆಯ ಒಂದು ಭಾಗ, ಮಿಕ್ಕದ್ದು ಸರೋವರ. ಅದರಲ್ಲಿ ಲಾಕ್ ನೆಸ್ ಸರೋವರವೊಂದೇ 37 ಕಿ.ಮೀ. ಉದ್ದ. ಕಣಿವೆಗುಂಟ ನೈಋತ್ಯದ ಗಾಳಿ ಬೀಸಿದರೆ ಅಷ್ಟೂ ಉದ್ದದ ಬಯಲು ಅಲೆ ಬೆಳೆಸಲು ಸಿಗುತ್ತದೆ. ಅಲ್ಲಿನ ಬಾಡಿಗೆ ದೋಣಿಗಳ ಒಡಲು ಕಾಲುವೆಯ ನ್ಯಾರೋಬೋಟಿನಂತಿರದೆ ಕಡಲಿನ ದೋಣಿಗೆ ಹತ್ತಿರವಿರುತ್ತದೆ.

ಉಬ್ಬರವಿಳಿತದ ನೀರು

ಕಡಲಿಗೆ ಹತ್ತಿರವಾದಂತೆ ದೋಣಿಮನೆ ಗಡಿಯಾರಕ್ಕೆ ಕಟ್ಟುಬೀಳುತ್ತದೆ. ಇಂಗ್ಲೆಂಡಿನ ನಾರ್ಫೋಕ್ ಬ್ರಾಡ್ಸ್‌ನ ಬ್ರೇಡನ್ ವಾಟರ್ ಉಬ್ಬರದಲ್ಲಿ ವಿಶಾಲ ಸರೋವರ. ಇಳಿತದಲ್ಲಿ ನಡುವಿನ ಗುರುತುಕಂಬಗಳ ಹಾದಿ ಬಿಟ್ಟರೆ ಎರಡೂ ಕಡೆ ಬರೀ ಕೆಸರು. ಗ್ರೇಟ್ ಯಾರ್ಮತ್ ಬಳಿ ದಾಟುವವರು ಇಳಿತ ಮುಗಿದು ನೀರು ತಟಸ್ಥವಾಗುವ ಹೊತ್ತಿಗೆ ಸರಿಯಾಗಿ ಅಲ್ಲಿರುವಂತೆ ಬೆಳಿಗ್ಗೆಯೇ ಲೆಕ್ಕ ಹಾಕಿ ಹೊರಡುತ್ತಾರೆ. ಸೆಳವಿನ ಜೊತೆಗೆ ಸೇತುವೆಯ ಎತ್ತರದ ಲೆಕ್ಕವೂ ಸೇರುತ್ತದೆ, ಏಕೆಂದರೆ ಉಬ್ಬರ ಬಂದಷ್ಟೂ ಸೇತುವೆ ತಗ್ಗುತ್ತದೆ.

ನ್ಯಾರೋಬೋಟ್‌ಗಳೂ ಇಂಥ ನೀರಿಗೆ ಇಳಿಯುವುದುಂಟು. ಲ್ಯಾಂಕಾಸ್ಟರ್ ಕಾಲುವೆಯನ್ನು ಉಳಿದ ಜಾಲಕ್ಕೆ ಸೇರಿಸಲು 2002ರಲ್ಲಿ ತೆರೆದ ರಿಬಲ್ ಲಿಂಕ್ ಉಬ್ಬರದ ನದಿಯೊಂದನ್ನು ಹಾದು ಹೋಗುತ್ತದೆ. ವರ್ಷದ ಕೆಲವೇ ತಿಂಗಳು, ಗೊತ್ತುಪಡಿಸಿದ ದಿನಗಳಲ್ಲಿ, ಮುಂಗಡ ಕಾಯ್ದಿರಿಸಿದವರಿಗೆ ಮಾತ್ರ ಪ್ರವೇಶ. ಲಂಡನ್ನಿನ ಉಬ್ಬರದ ಥೇಮ್ಸ್‌ನಲ್ಲಿ 13.7 ಮೀಟರ್ ಮೀರಿದ ದೋಣಿಗೆ ವಿಎಚ್‌ಎಫ್ ರೇಡಿಯೋ ಕಡ್ಡಾಯ. ದೊಡ್ಡ ಪ್ರಯಾಣಿಕ ದೋಣಿಗಳು ಎಬ್ಬಿಸುವ ಅಲೆಗೆ ನ್ಯಾರೋಬೋಟಿನ ಮುಂದಿನ ತೆರೆದ ಜಗಲಿ ತುಂಬಿಕೊಳ್ಳದಂತೆ ಬಾಗಿಲು, ಗಾಳಿಕಿಂಡಿಗಳನ್ನು ಮುಚ್ಚಿಕೊಂಡು ಹೊರಡುತ್ತಾರೆ.

ಕರಾವಳಿ ಮತ್ತು ತೆರೆದ ಕಡಲು

ಅಮೆರಿಕದ ಪೂರ್ವ ಕರಾವಳಿಯಲ್ಲಿ ಕಡಲಿಗೆ ಇಳಿಯದೆಯೇ ವರ್ಜೀನಿಯದ ನಾರ್ಫೋಕ್‌ನಿಂದ ಮಯಾಮಿಯವರೆಗೆ ಸುಮಾರು 1,750 ಕಿ.ಮೀ. ಸಾಗಬಹುದು. ಇಂಟ್ರಾಕೋಸ್ಟಲ್ ವಾಟರ್‌ವೇ ಎಂಬ ಈ ಹಾದಿ ಮರಳಿನ ದ್ವೀಪಗಳ ಹಿಂದೆ ನದಿ, ಕಾಲುವೆ, ಹಿನ್ನೀರುಗಳನ್ನು ಪೋಣಿಸಿದ್ದು. ಗಟ್ಟಿ ಒಡಲಿನ ದೋಣಿಮನೆಗೆ ಇದರ ಬಹುಪಾಲು ಸಲೀಸು. ಕಷ್ಟ ಬರುವುದು ಉತ್ತರ ಕೆರೊಲಿನಾದ ಆಲ್ಬಮಾರ್ಲ್ ಸೌಂಡ್‌ನಂಥ ಬಯಲುಗಳಲ್ಲಿ. ಅಗಲ ಬೇಕಾದಷ್ಟು, ಆಳ ಸಾಲದು. ಮೇಲೆ ಹೇಳಿದ ಕಡಿದಾದ ಗಿಡ್ಡ ಅಲೆಗೆ ಹದವಾದ ಜಾಗ.

ಅಮೆರಿಕದ ಪೂರ್ವಾರ್ಧವನ್ನು ಸುತ್ತುಹಾಕುವ, ಸುಮಾರು 6,000 ಮೈಲಿಯ ಗ್ರೇಟ್ ಲೂಪ್ ಯಾನದಲ್ಲೂ ದೋಣಿಮನೆಗೆ ತೊಡಕಾಗುವುದು ಹೆಚ್ಚಾಗಿ ಎರಡೇ ಕಡೆ: ಮಿಷಿಗನ್ ಸರೋವರ ಮತ್ತು ಫ್ಲಾರಿಡಾದ ಮೂಲೆಯಲ್ಲಿ ಮೆಕ್ಸಿಕೋ ಕೊಲ್ಲಿ. ಕೊಲ್ಲಿಯಲ್ಲಿ ಕ್ಯಾರಬೆಲ್‌ನಿಂದ ಟಾರ್ಪನ್ ಸ್ಪ್ರಿಂಗ್ಸ್‌ಗೆ ನೇರವಾಗಿ ಹೋದರೆ ಸುಮಾರು 270 ಕಿ.ಮೀ., ಆಸರೆಯಿಲ್ಲದ ನೀರು. ನಿಧಾನದ ದೋಣಿಗೆ ಅದು ಒಂದು ಹಗಲಲ್ಲಿ ಮುಗಿಯುವುದಿಲ್ಲ. ಶಿಕಾಗೋ ಬಳಿಯ ಎತ್ತರಿಸಲಾಗದ ಸೇತುವೆಯೊಂದರ ಕೆಳಗೆ ಸಿಗುವ ಎಡೆ ಸುಮಾರು ಹತ್ತೊಂಬತ್ತೂವರೆ ಅಡಿ. ಎತ್ತರದ ಮಾಳಿಗೆಯ ದೋಣಿಗಳು ಇದನ್ನೂ ಗಮನಿಸಬೇಕು.

ತೆರೆದ ಕಡಲು ದೋಣಿಮನೆಯ ನೀರಲ್ಲ. ಫ್ಲಾರಿಡಾದಿಂದ ಬಹಾಮಾಸ್‌ನ ಬಿಮಿನಿ ದ್ವೀಪ ಕೇವಲ 80 ಕಿ.ಮೀ. ದೂರ, ಬೇಸಿಗೆಯ ಶಾಂತ ಬೆಳಗಿನಲ್ಲಿ ನೀರು ಎಣ್ಣೆ ಹೊಯ್ದಂತಿರುತ್ತದೆ. ನಡುವೆ ಉತ್ತರಕ್ಕೆ ಹರಿಯುವ ಗಲ್ಫ್ ಸ್ಟ್ರೀಮ್ ಇದೆ. ಗಾಳಿ ಉತ್ತರದಿಂದ ತಿರುಗಿದರೆ ಹರಿವಿಗೆ ಎದುರಾಗಿ, ಕೆಲವೇ ಗಂಟೆಗಳಲ್ಲಿ ಗೋಡೆಯಂಥ ಅಲೆಗಳು ಏಳುತ್ತವೆ. ಕಿಟಕಿಯ ಗಾಜು ಮೊದಲು ಹೋಗುತ್ತದೆ, ಆಮೇಲೆ ಎಂಜಿನ್.

ಸ್ಥಿರತೆ, ಹೊಗೆ, ಬೆಂಕಿ

ಶಾಂತ ನೀರಿನಲ್ಲೂ ದೋಣಿ ಮಗುಚಬಹುದು. ಮೇಲಂತಸ್ತಿಗೆ ಜನ ಏರಿದಷ್ಟೂ ಗುರುತ್ವಕೇಂದ್ರ ಮೇಲೇರುತ್ತದೆ. ಎಲ್ಲರೂ ಒಂದೇ ಮಗ್ಗುಲಿಗೆ ಸರಿದರೆ ವಾಲಿದ ದೋಣಿ ಮರಳಿ ನೆಟ್ಟಗಾಗುವುದಿಲ್ಲ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಪೆರಿಯಾರ್ ಸರೋವರದಲ್ಲಿ ಎರಡಂತಸ್ತಿನ ವಿಹಾರ ದೋಣಿ ಮಗುಚಿ 45 ಮಂದಿ ಸತ್ತರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಅಳಿವೆಯ ಬಳಿ, ಮೀನುಗಾರಿಕೆ ದೋಣಿಯನ್ನು ಮಾರ್ಪಡಿಸಿ ಮಾಡಿದ ಎರಡಂತಸ್ತಿನ ದೋಣಿ ಮುಳುಗಿ 22 ಮಂದಿ ತೀರಿಕೊಂಡರು. ಇವು ದೋಣಿಮನೆಗಳಲ್ಲ. ಆದರೆ ಹಳೆಯ ಒಡಲಿನ ಮೇಲೆ ಹೊಸ ಮಹಡಿ ಏರಿಸುವ ಎಲ್ಲ ಕಡೆಗೂ ಅದೇ ಲೆಕ್ಕ ಅನ್ವಯಿಸುತ್ತದೆ.

ಕಟ್ಟಿ ನಿಂತ ದೋಣಿಮನೆಗೆ ಬೇರೆಯ ಅಪಾಯಗಳಿವೆ. 2000ದ ಆಗಸ್ಟಿನಲ್ಲಿ ಲೇಕ್ ಪೊವೆಲ್‌ನಲ್ಲಿ ದೋಣಿಯ ಹಿಂಭಾಗದ ಈಜುಜಗಲಿಯ ಅಡಿ ಈಜುತ್ತಿದ್ದ ಇಬ್ಬರು ಅಣ್ಣತಮ್ಮಂದಿರು ಸತ್ತದ್ದು ನೀರಿನಿಂದಲ್ಲ, ಜನರೇಟರಿನ ಹೊಗೆಯ ಕಾರ್ಬನ್ ಮಾನಾಕ್ಸೈಡಿನಿಂದ. ಹೊಗೆಕೊಳವೆ ಆ ಜಗಲಿಯ ಕೆಳಗಿನ ಗವಿಯಂಥ ಜಾಗಕ್ಕೇ ತೆರೆದುಕೊಂಡಿತ್ತು. ಹೊಗೆಯನ್ನು ಮಾಳಿಗೆಯ ಮೇಲಕ್ಕೆ ಒಯ್ಯುವ ಉದ್ದ ಕೊಳವೆಗಳನ್ನು ಅಳವಡಿಸತೊಡಗಿದ್ದು ಆಮೇಲೆ. ಒಣಗಿದ ದೇವದಾರಿನ ಕಾಶ್ಮೀರಿ ದೋಣಿಮನೆಗಳಿಗೆ ಬೆಂಕಿಯ ಭಯ ಯಾವಾಗಲೂ ಇದೆ. 2023ರ ನವೆಂಬರ್ 11ರ ನಸುಕಿನಲ್ಲಿ ದಾಲ್ ಸರೋವರದಲ್ಲಿ ಹೊತ್ತಿದ ಬೆಂಕಿ ಪಕ್ಕಪಕ್ಕ ಕಟ್ಟಿದ್ದ ಹಲವು ದೋಣಿಮನೆಗಳಿಗೆ ಹಬ್ಬಿ ಮೂವರು ಬಾಂಗ್ಲಾದೇಶಿ ಪ್ರವಾಸಿಗರು ಅಸುನೀಗಿದರು.

ಕರ್ನಾಟಕದ ಕರಾವಳಿ

ಕರ್ನಾಟಕದ ಕರಾವಳಿಯ ಹೊಳೆಗಳು ಘಟ್ಟದಿಂದ ಕಡಲಿಗೆ ಸ್ವಲ್ಪ ದೂರದಲ್ಲೇ ಧುಮ್ಮಿಕ್ಕಿ ಬರುವಂಥವು. ದೋಣಿಮನೆಗೆ ಹದವಾದ ನೀರು ಸಿಗುವುದು ಅವು ಬಯಲಿಗೆ ಇಳಿದ ಮೇಲಿನ ಕೊನೆಯ ಕೆಲವು ಮೈಲಿಗಳಲ್ಲಿ, ಅದೂ ಮಳೆಗಾಲ ಬಿಟ್ಟು. ಉಡುಪಿ ಬಳಿ ಕೆಮ್ಮಣ್ಣು, ಹೂಡೆಯ ಕಡೆ ಸ್ವರ್ಣಾ ನದಿಯಲ್ಲಿ ಕೇರಳದ ಮಾದರಿಯ ದೋಣಿಮನೆಗಳು ಓಡುತ್ತವೆ. ಈ ಹೊಳೆ ಕಡಲಿಗೆ ಹತ್ತಿರ ಬಂದರೂ ಕೂಡಲೇ ಸೇರದೆ, ಬೆಂಗ್ರೆ ಎಂಬ ಮರಳಿನ ಪಟ್ಟಿಯನ್ನು ನಡುವೆ ಇಟ್ಟುಕೊಂಡು ಅದರ ಬೆನ್ನಿಗೆ ಉತ್ತರದ ಕಡೆ ಹರಿಯುತ್ತದೆ. ಒಂದು ಕಡೆ ತೆಂಗಿನ ತೋಟ, ಕುದ್ರು ಎಂಬ ನಡುಗಡ್ಡೆಗಳು. ಇನ್ನೊಂದು ಕಡೆ ಮರಳಿನ ಪಟ್ಟಿ, ಅದರಾಚೆ ಅರಬ್ಬೀ ಸಮುದ್ರದ ಮೊರೆತ. ಕಾಸರಗೋಡು ಜಿಲ್ಲೆಯ ವಲಿಯಪರಂಬ ಹಿನ್ನೀರಿನಲ್ಲೂ ಇಂಥದೇ ಪಟ್ಟಿಯ ಮರೆಯಲ್ಲಿ ದೋಣಿಮನೆಗಳು ಸುತ್ತುತ್ತವೆ.

ಕೋಡಿಬೆಂಗ್ರೆಯಲ್ಲಿ ಆ ಮರಳಿನ ಪಟ್ಟಿ ಮುಗಿಯುತ್ತದೆ. ಸ್ವರ್ಣಾ, ಸೀತಾ ಎರಡೂ ಕೂಡಿ ಅಳಿವೆಯಲ್ಲಿ ಕಡಲಿಗೆ ಬೀಳುತ್ತವೆ. ಇಳಿತದ ಹೊತ್ತಿಗೆ ಹೊಳೆಯ ನೀರು ರಭಸದಿಂದ ಹೊರಗೆ ಹೋಗುವಾಗ, ಒಳಗೆ ಬರುವ ಕಡಲ ಅಲೆ ಮರಳುದಿಬ್ಬದ ಮೇಲೆ ಅದಕ್ಕೆ ಎದುರಾಗಿ ಎದ್ದು, ಬಾಗಿ, ಬಿಳಿನೊರೆಯಾಗಿ ಒಡೆಯುತ್ತದೆ. ಮೀನುಗಾರಿಕೆ ದೋಣಿಗಳು ಅಲೆಗಳ ಎಡೆ ನೋಡಿ ಮೂತಿಯೆತ್ತಿ ಅದನ್ನು ದಾಟುತ್ತವೆ. ಚಪ್ಪಟೆ ತಳದ ದೋಣಿಮನೆಗೆ ಅದು ಆಗದ ಕೆಲಸ. ಬಿಳಿ ಗೆರೆ ಕಾಣುವ ದೂರದಲ್ಲೇ, ನೀರು ಇನ್ನೂ ನಯವಾಗಿರುವಲ್ಲಿ, ಅದು ದೊಡ್ಡದೊಂದು ಸುತ್ತು ಹಾಕಿ ಮೂತಿಯನ್ನು ತೆಂಗಿನ ತೋಟಗಳ ಕಡೆಗೆ ತಿರುಗಿಸಿಕೊಳ್ಳುತ್ತದೆ.